ಚಿಕ್ಕಮ್ಮನ ಬಾಬಿನ್ ಪರೀಕ್ಷೆ

ನಮ್ಮ ಚಿಕ್ಕಮ್ಮ ಯಾವ ಬಟ್ಟೆಯನ್ನೂ ಹೊರಗಿನಿಂದ ನೋಡಿ ಒಪ್ಪಿದವಳಲ್ಲ. ಯಾರಾದರೂ ಹೊಸ ಅಂಗಿ ಹಾಕಿಕೊಂಡು ಬಂದು ಚೆನ್ನಾಗಿದೆಯಾ ಎಂದು ಕೇಳಿದರೆ, ಉತ್ತರ ಕೊಡುವ ಮೊದಲು ಅಂಗಿಯ ಅಂಚು ಮಡಚಿ ಒಳಗಿನ ಹೊಲಿಗೆ ನೋಡುತ್ತಾಳೆ. ಕೇಳಿದವರು ಹೆಂಗಸೋ ಗಂಡಸೋ, ನಿಂತಿರುವುದು ಬೀದಿಯಲ್ಲೋ ಆಸ್ಪತ್ರೆಯ ಸಾಲಿನಲ್ಲೋ, ಅದೆಲ್ಲ ಅವಳಿಗೆ ಲೆಕ್ಕಕ್ಕಿಲ್ಲ. ನಾನು ಪಾಠ ಮಾಡುವ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದಾಗ ನಮ್ಮ ಹೆಡ್‌ಮಾಸ್ಟರರ ಕೋಟಿನ ಅಸ್ತರನ್ನು ಎಲ್ಲರೆದುರು ಎತ್ತಿ ನೋಡಿ, "ಹೊಲಿದಿಲ್ಲ, ಅಂಟು ಹಾಕಿದ್ದಾರೆ" ಎಂದು ತೀರ್ಪು ಕೊಟ್ಟಳು. ಅವರು ಇವತ್ತಿಗೂ ನನ್ನನ್ನು ಕಂಡರೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಅದರ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಜಿನ ಕೆಳಗೆ ಚೂರುಬಟ್ಟೆಯ ಗುಡ್ಡ. ಮಹಡಿಯ ಮೇಲಿನ ಕೋಣೆಯಲ್ಲಿ ಇರುವ ನನಗೆ ಬೆಳಗ್ಗೆ ಎಚ್ಚರವಾಗುವುದೇ ಆ ಯಂತ್ರದ ಸದ್ದಿಗೆ. ಬರುವವರ ಮೈ ನೋಡಿಯೇ ಅವಳಿಗೆ ಅವರ ಮನೆಯ ಸುದ್ದಿ ಗೊತ್ತಾಗುತ್ತದೆ. ಯಾರ ಸೊಂಟ ಇಳಿದಿದೆ, ಯಾರ ಒಂದು ಭುಜ ಬಾಗಿದೆ, ಯಾರು ಇನ್ನೂ ಹೇಳದಿದ್ದರೂ ಬಸುರಿ, ಎಲ್ಲವನ್ನೂ ಅಳತೆ ಟೇಪು ಅವಳ ಕಿವಿಯಲ್ಲಿ ಊದುತ್ತದೆ. ಆದರೆ ಬಾಯಿ ಬಿಡುವುದಿಲ್ಲ. ಸುಮ್ಮನೆ ಒಂದಿಷ್ಟು ಬಟ್ಟೆ ಒಳಗೆ ಮಡಚಿ ಬಿಟ್ಟಿರುತ್ತಾಳೆ, ಆಮೇಲೆ ಬಿಚ್ಚಿಕೊಳ್ಳಲಿ ಎಂದು.

ಇಂಥ ಚಿಕ್ಕಮ್ಮ ಐವತ್ತು ದಾಟಿದ ಮೇಲೆ ಕಾರು ಓಡಿಸುವುದನ್ನು ಕಲಿತಳು.

ಕಾರು ಚಿಕ್ಕಪ್ಪನದು. ಮದುವೆಯಾದ ಲಾಗಾಯ್ತು ಚಾಲಕನ ಜಾಗ ಅವರದು, ಪಕ್ಕದ ಜಾಗ ಅವಳದು, ಅವಳ ತೊಡೆಯ ಮೇಲೊಂದು ಚೀಲ. ಪಕ್ಕದ ಊರಿನಲ್ಲಿರುವ ನನ್ನ ಅಮ್ಮನನ್ನು, ಎಂದರೆ ಅವಳ ಅಕ್ಕನನ್ನು ನೋಡಲು ಹೋಗಬೇಕೆಂದರೆ ಚಿಕ್ಕಪ್ಪನಿಗೆ ಮನಸ್ಸು ಬರಬೇಕು. ಮನಸ್ಸು ಬಂದು ಹೋದರೂ ಅವರು ಒಳಗೆ ಕೂರುವವರಲ್ಲ. ಅಕ್ಕತಂಗಿಯರು ಇನ್ನೇನು ಮಾತಿನ ಬುಡಕ್ಕೆ ಬರುವಷ್ಟರಲ್ಲಿ ಹೊರಗೆ ಹಾರ್ನ್ ಶುರುವಾಗುತ್ತಿತ್ತು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಇಳಿಯಲಾರಳು. ಹಾಗಾಗಿ ಚಿಕ್ಕಮ್ಮನ ಅರ್ಧ ಮಾತು ಯಾವಾಗಲೂ ಆ ಮನೆಯ ಬಾಗಿಲಲ್ಲೇ ಉಳಿಯುತ್ತಿತ್ತು.

ಆಮೇಲೆ ಚಿಕ್ಕಪ್ಪನ ಕಣ್ಣು ಮಂದವಾಯಿತು. ಒಂದು ದಿನ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದು, ಕೀಲಿಯನ್ನು ಮೊಳೆಗೆ ನೇತುಹಾಕಿ, "ಇನ್ನು ನಾನು ಓಡಿಸಲ್ಲ" ಎಂದರು. ಅಲ್ಲಿಗೆ ಅಮ್ಮನ ಮನೆಯ ಪ್ರಯಾಣವೂ ಮೊಳೆಗೇ ನೇತುಬಿದ್ದಿತು. ಎದುರುಮನೆಯ ಓವರ್‌ಸಿಯರ್ ಮಾತ್ರ ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ಬಂದು ಕಾರಿನ ಬಾನೆಟ್ಟನ್ನು ತಟ್ಟಿ, "ನಿಂತಲ್ಲೇ ನಿಂತ್ರೆ ಹಾಳಾಗತ್ತೆ, ನಂಗೆ ಕೊಟ್ಬಿಡಿ" ಎನ್ನತೊಡಗಿದ.

ಚಿಕ್ಕಮ್ಮ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿ ಕಲಿಸುವವರಿಗೆ ನಾವಿಟ್ಟ ಹೆಸರು ಬ್ರೇಕ್ ಮೇಷ್ಟ್ರು. ತಮ್ಮ ಕಡೆಗೂ ಒಂದು ಬ್ರೇಕ್ ಇರುವ ಧೈರ್ಯದ ಮೇಲೆ ಬದುಕಿರುವ ಮನುಷ್ಯ. ಚಿಕ್ಕಮ್ಮ ಕ್ಲಚ್ಚನ್ನು ಹೊಲಿಗೆ ಯಂತ್ರದ ಪೆಡಲಿನಂತೆ ತುಳಿಯುತ್ತಿದ್ದಳು, ಎಂದರೆ ನಿಲ್ಲಿಸದೆ. ಆದರೂ ಲೈಸೆನ್ಸ್ ಬಂತು. ಅದು ಕೈಗೆ ಬಂದ ದಿನ ಅವಳು ಅದರ ಹಿಂಬದಿಯನ್ನೂ ತಿರುಗಿಸಿ ನೋಡಿದಳು.

ಚಿಕ್ಕಪ್ಪ ಲೈಸೆನ್ಸನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ನೋಡಿ ಹೇಳಿದರು: "ಓಡಿಸೋದು ಯಾರು ಬೇಕಾದ್ರೂ ಕಲೀತಾರೆ. ಗ್ಯಾರೇಜಿನವರ ಕೈಲಿ ಬೆಪ್ಪಾಗದೆ ಬರೋದು ಗೊತ್ತಿರಬೇಕು. ಕಾರು ಸರ್ವಿಸಿಗೆ ಬಂದಿದೆ. ನೀನೇ ಜಾಗ ಹುಡುಕು, ನೀನೇ ಮಾಡಿಸ್ಕೊಂಡು ಬಾ. ಯಾರಾದ್ರೂ ಟೋಪಿ ಹಾಕಿದ್ರೋ, ಕಾರು ಓವರ್‌ಸಿಯರಿಗೆ."

"ಆಗ್ಲಿ. ಬೆಪ್ಪಾಗದೆ ಬಂದ್ರೆ ಭಾನುವಾರ ಅಕ್ಕನ ಮನೆಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ನನಗೆ ಸಾಕು ಅನ್ನಿಸೋವರೆಗೂ ಕೂತಿರ್ತೀನಿ" ಎಂದಳು ಚಿಕ್ಕಮ್ಮ.

"ಒಂದು ಮಾತು. ಆ ಗೊಣಗಪ್ಪನ ಹತ್ತಿರ ಮಾತ್ರ ಹೋಗಬೇಡ. ಕಳ್ಳ ಅವನು."

ಗೊಣಗಪ್ಪ ಎಂದರೆ ಚಿಕ್ಕಪ್ಪನ ಹಳೆಯ ಮೆಕ್ಯಾನಿಕ್. ಅವನ ಗ್ಯಾರೇಜು ನಮ್ಮ ಮನೆಗೆ ಎಲ್ಲಕ್ಕಿಂತ ಹತ್ತಿರ. ಎಷ್ಟೋ ವರ್ಷ ಚಿಕ್ಕಪ್ಪ ಅವನ ಹತ್ತಿರವೇ ಕಾರು ಬಿಟ್ಟಿದ್ದರು, ಪ್ರತಿ ಸಲವೂ ಕಾಲು ಕೆರೆದು ಜಗಳವಾಡಿ ಬಂದಿದ್ದರು. ಜಗಳವಾಡಿ ಬಂದ ದಿನ ಊಟ ಒಂದು ತುತ್ತು ಹೆಚ್ಚೇ ಸೇರುತ್ತಿತ್ತು. ಕೊನೆಯ ಜಗಳ ಮಾತ್ರ ಏನಾಗಿತ್ತೋ, ಅವತ್ತು ಬಂದವರು ಊಟ ಮಾಡಲಿಲ್ಲ, ಮತ್ತೆ ಆ ಕಡೆ ತಲೆ ಹಾಕಿ ಮಲಗಲೂ ಇಲ್ಲ.

ಗ್ಯಾರೇಜು ಹುಡುಕುವ ಸುದ್ದಿ ಬೀದಿಗೆ ಗೊತ್ತಾದದ್ದೇ ತಡ, ಅಳತೆ ಕೊಡಲು ಬಂದವರೆಲ್ಲ ಸಲಹೆಯನ್ನೂ ಕೊಡತೊಡಗಿದರು. ತೋಳಿನ ಅಳತೆ ಕೊಡುತ್ತಾ ಒಬ್ಬಳು ಕಂಪನಿಯ ಗ್ಯಾರೇಜೇ ಸರಿ ಎಂದಳು. ಸೊಂಟದ ಅಳತೆ ಕೊಡುತ್ತಾ ಇನ್ನೊಬ್ಬಳು, ಕಂಪನಿಯವರು ಒಳ್ಳೆಯ ಸಾಮಾನು ಬಿಚ್ಚಿಕೊಂಡು ಕೆಟ್ಟದ್ದು ಹಾಕುತ್ತಾರೆ ಎಂದಳು. ಬ್ರೇಕ್ ಮೇಷ್ಟ್ರು ತಮ್ಮ ಭಾವಮೈದನ ಗ್ಯಾರೇಜಿಗೆ ಬರಬೇಕೆಂದು ಮನೆಗೇ ಬಂದು ಕರೆದರು. ಕಾರೇ ಇಲ್ಲದ ಹಾಲಿನವನು ಎಂಜಿನ್ ಆಯಿಲ್ ಬಗ್ಗೆ ಎಷ್ಟು ಹೊತ್ತು ಮಾತಾಡಿದನೆಂದರೆ ಪಕ್ಕದ ಬೀದಿಯ ಹಾಲು ಒಡೆದುಹೋಯಿತು. ಚಿಕ್ಕಮ್ಮನಿಗೆ ತಲೆಚಿಟ್ಟು ಹಿಡಿಯಿತು.

"ಎಲ್ಲರೂ ಬಾಯಲ್ಲಿ ಹೇಳ್ತಾರೆ. ಒಳಗಿನ ಹೊಲಿಗೆ ತೋರಿಸೋರು ಯಾರೂ ಇಲ್ಲ" ಎಂದು ನನ್ನೆದುರು ಗೊಣಗಿದಳು. ಯಂತ್ರದ ಮುಂದೆ ಹೋಗಿ ಕೂತಳು. ಆಮೇಲೆ ಅವಳ ಮುಖ ಅರಳಿತು. "ದಿಂಬಿನ ಕವರು" ಎಂದಳು.

ವಿಷಯವೇನೆಂದರೆ, ಹೊಸ ಗಿರಾಕಿ ಯಾರೂ ಮೊದಲ ಸಲವೇ ಬೆಲೆಬಾಳುವ ಬಟ್ಟೆ ತರುವುದಿಲ್ಲ. ಮೊದಲು ಒಂದು ಹಳೆಯ ದಿಂಬಿನ ಕವರು ತಂದು ಅಂಚು ಹೊಡೆಸುತ್ತಾರೆ. ಹೊಲಿಗೆ ನೇರ ಬಂತೋ, ಚೂರುಬಟ್ಟೆ ವಾಪಸ್ಸು ಕೊಟ್ಟಳೋ ನೋಡುತ್ತಾರೆ. ಆಮೇಲೆಯೇ ಮದುವೆಯ ಬಟ್ಟೆ ಹೊರಗೆ ಬರುವುದು. ಜೀವಮಾನವೆಲ್ಲ ದಿಂಬಿನ ಕವರಿನ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಬಂದ ಚಿಕ್ಕಮ್ಮ ಈಗ ತಾನೇ ಪರೀಕ್ಷೆ ಇಡಲು ಹೊರಟಳು. ಯಂತ್ರದ ಖಾನೆಯಿಂದ ದಾರ ಸುತ್ತುವ ಕಬ್ಬಿಣದ ಬಾಬಿನ್ ಒಂದನ್ನು ತೆಗೆದು, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಖಾಲಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಕಾರಿನ ಹಿಂದಿನ ಸೀಟಿನ ಕೆಳಗೆ ತಳ್ಳಿದಳು.

"ತಿರುಗಿಸೋವಾಗ ಕಟಕಟ ಸದ್ದು ಬರತ್ತೆ ಅಂತೀನಿ. ಡಬ್ಬಿ ತೆಗೆದು ಕೈಗೆ ಕೊಟ್ಟೋನು ನಂಬಿಕಸ್ಥ. ಇಲ್ಲದ ರೋಗ ಹೇಳಿದೋನು ಕಳ್ಳ. ಇದರಲ್ಲಿ ಬೆಪ್ಪಾಗೋಕೆ ದಾರಿಯೇ ಇಲ್ಲ."

ನನಗೂ ಹಾಗೇ ಅನ್ನಿಸಿತು. ಈ ಪರೀಕ್ಷೆಯಲ್ಲಿ ನನ್ನ ಕೆಲಸ ಹಿಂದಿನ ಸೀಟಿನಲ್ಲಿ ಡಬ್ಬಿಯ ಮೇಲೆ ಕೂತು, ಜೀವ ಅಂಗೈಯಲ್ಲಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡಿರುವುದು.

ಮೊದಲು ಕಂಪನಿಯ ಗ್ಯಾರೇಜು. ಎಲ್ಲಿ ನೋಡಿದರೂ ಗಾಜು. ಒಳಗೆ ಮೆತ್ತನೆ ಸೋಫಾ, ಗುಂಡಿ ಒತ್ತಿದರೆ ಚಹಾ ಸುರಿಸುವ ಯಂತ್ರ, ಸದ್ದಿಲ್ಲದ ಟಿವಿ. ಕಾರನ್ನು ಬಾಗಿಲಲ್ಲೇ ಇಸಕೊಂಡು ಒಳಗೆ ಒಯ್ದರು. ಚಿಕ್ಕಮ್ಮ ಹಿಂದೆಯೇ ಹೊರಟಳು. ಕೌಂಟರಿನ ಹುಡುಗಿ ನಗುತ್ತಾ ಅಡ್ಡ ನಿಂತು, "ಮೇಡಂ, ಕಸ್ಟಮರ್ಸ್ ಒಳಗೆ ಹೋಗೋ ಹಾಗಿಲ್ಲ" ಎಂದಳು.

"ನಾನು ಬಟ್ಟೆ ಕತ್ತರಿಸೋವಾಗ ಗಿರಾಕಿ ಪಕ್ಕದಲ್ಲೇ ನಿಂತಿರ್ತಾರೆ. ನನ್ನ ಕತ್ತರಿಯೇನೂ ನಾಚಿಕೊಳ್ಳಲ್ಲ" ಎಂದಳು ಚಿಕ್ಕಮ್ಮ. ಹುಡುಗಿ ಇನ್ನಷ್ಟು ನಕ್ಕು ಚಹಾ ಕೊಟ್ಟಳು. ಚಹಾ ಆರುವಷ್ಟರಲ್ಲಿ ಟೈ ಕಟ್ಟಿದವನೊಬ್ಬ ಬಂದು, ಸ್ಟಿಯರಿಂಗಿನ ಇಡೀ ಸೆಟ್ಟೇ ಬದಲಾಯಿಸಬೇಕು ಎಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. ಚಿಕ್ಕಮ್ಮ ಅವನ ಟೈಯ ತುದಿಯನ್ನು ತಿರುಗಿಸಿ ನೋಡಿ, ಕಾರು ವಾಪಸ್ಸು ಕೇಳಿದಳು. ಡಬ್ಬಿ ಇಟ್ಟಲ್ಲೇ ಇತ್ತು.

ಎರಡನೆಯದು ಗೊಣಗಪ್ಪನ ಗ್ಯಾರೇಜು. ಚಿಕ್ಕಪ್ಪ ಬೇಡವೆಂದಿದ್ದರೂ, ಪರೀಕ್ಷೆ ಎಂದಮೇಲೆ ಎಲ್ಲರಿಗೂ ಒಂದೇ ಎಂದು ಚಿಕ್ಕಮ್ಮ ಗುಟ್ಟಾಗಿ ಹೋದಳು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಕಾಲು ಮುರಿದ ಕುರ್ಚಿ. ಗೊಣಗಪ್ಪ ಕಾರು ಕಂಡವನೇ ಮುಖ ಊದಿಸಿಕೊಂಡ. ಬನ್ನಿ ಎನ್ನಲಿಲ್ಲ. ಚಿಕ್ಕಮ್ಮ ಹೇಳಿದ್ದನ್ನು ಕೇಳಿ, ತಾನೇ ಚಾಲಕನ ಜಾಗದಲ್ಲಿ ಕೂತು, ಪಕ್ಕದ ಬಯಲಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಗುಂಡಗೆ ಸುತ್ತಿಸಿದ. ನನಗೆ ತಲೆ ಸುತ್ತಿತು. ಡಬ್ಬಿ ನನ್ನ ಕೆಳಗೆ ಕಟಕಟ ಎಂದು ತನ್ನ ಕೆಲಸ ತಾನು ಮಾಡುತ್ತಿತ್ತು. ಆಮೇಲೆ ಅವನು ಕಾರಿನ ಕೆಳಗೆ ನುಗ್ಗಿ ಎದ್ದು ಬಂದ.

"ಮುಂದಿನ ಎಡಗಡೆ ಚಕ್ರದ ಆಕ್ಸಲ್ ಜಾಯಿಂಟ್ ಹೋಗಿದೆ. ಕಾರು ಬಿಟ್ಟು ಹೋಗಿ."

"ಸದ್ದು ಅದರದೇನಾ?"

"ಹೇಳಿದ್ನಲ್ಲ."

"ಬೇರೆ ಕಡೆ ಏನೂ ಇಲ್ವಾ? ಸೀಟು ಗೀಟು ನೋಡಿದ್ರಾ?"

"ಸೀಟಿಗೇನಾಗಿದೆ. ಕೂರೋಕೆ ಚೆನ್ನಾಗಿದೆ" ಎಂದು ಗೊಣಗಪ್ಪ ಕೈ ಒರೆಸಿಕೊಳ್ಳುತ್ತಾ ಹೊರಟುಹೋದ.

ಚಿಕ್ಕಮ್ಮ ಬಗ್ಗಿ ನೋಡಿದಳು. ಡಬ್ಬಿ ಅಲ್ಲೇ ಇತ್ತು. ಗೇಟಿನ ಹತ್ತಿರ ಬಂದ ಮೇಲೆ, "ನಿಮ್ಮ ಚಿಕ್ಕಪ್ಪ ಹೇಳೋದ್ರಲ್ಲೂ ಒಮ್ಮೊಮ್ಮೆ ನಿಜ ಇರತ್ತೆ" ಎಂದಳು. ಗಂಡನ ಮಾತು ನಿಜವಾಯಿತಲ್ಲ ಎಂದು ಅವಳಿಗೆ ಬೇಜಾರೇ ಆಗಿತ್ತು.

ಮೂರನೆಯವನು ಬ್ರೇಕ್ ಮೇಷ್ಟ್ರ ಭಾವಮೈದ. ಮಾತಿಗೆ ಮುಂಚೆ ಅಕ್ಕ, ಮಾತಿನ ನಡುವೆ ಅಕ್ಕ, ಉಸಿರು ಬಿಟ್ಟರೂ ಅಕ್ಕ. ನನ್ನನ್ನು ಕೆಳಗಿಳಿಸಿ ಹಿಂದಿನ ಸೀಟಿನ ಕೆಳಗೆ ಕೈ ಹಾಕಿದವನೇ ಡಬ್ಬಿ ತೆಗೆದು, ಅಲ್ಲಾಡಿಸಿ, ಮುಚ್ಚಳ ಬಿಚ್ಚಿ, ಬಾಬಿನ್ನನ್ನು ಚಿಕ್ಕಮ್ಮನ ಅಂಗೈಯಲ್ಲಿಟ್ಟ. "ಅಕ್ಕ, ಇದೇ ನೋಡಿ ನಿಮ್ಮ ಕಾರಿನ ರೋಗ. ಬೇರೆ ಯಾರಾದ್ರೂ ಆಗಿದ್ರೆ ಎಂಜಿನ್ನೇ ಬಿಚ್ಚೋರು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕಮ್ಮನೂ ನಕ್ಕಳು. ಅಲ್ಲೇ, ಆಗಲೇ, ಪೂರ್ತಿ ಸರ್ವಿಸಿಗೆ ಕೊಟ್ಟಳು. ಅವನು ಆಯಿಲ್ ಬದಲಾಯಿಸಿದ, ಕಾರು ತೊಳೆದ, ಕನ್ನಡಿಗೆ ಮಲ್ಲಿಗೆ ವಾಸನೆಯ ರಟ್ಟು ತೂಗುಹಾಕಿದ, ಕೆಟ್ಟುಹೋಗಿದ್ದ ರೇಡಿಯೋವನ್ನು ಅಕ್ಕನಿಗಾಗಿ ಬಿಟ್ಟಿ ರಿಪೇರಿ ಮಾಡಿದ. ಚಿಕ್ಕಮ್ಮ ರೇಡಿಯೋ ಜೋರಾಗಿ ಹಾಕಿಕೊಂಡು ಮನೆಗೆ ಬಂದಳು. ಕಾರಿನ ಚಕ್ರ ನೆಲದ ಮೇಲಿತ್ತು, ಅವಳು ಇರಲಿಲ್ಲ.

ಚಿಕ್ಕಪ್ಪನಿಗೆ ಬಾಬಿನ್ನಿನ ಕಥೆಯನ್ನು ಬಣ್ಣ ಕಟ್ಟಿ ಹೇಳಿದ್ದಾಯಿತು, ಗೊಣಗಪ್ಪನ ಭಾಗವೊಂದನ್ನು ಬಿಟ್ಟು. ಅವರು ಬಾಬಿನ್ನನ್ನು ಹಿಂದುಮುಂದು ತಿರುಗಿಸಿ, "ಪರವಾಗಿಲ್ಲ" ಎಂದರು. ಅವರ ಬಾಯಿಂದ ಆ ಮಾತು ಬರುವುದು ಅಪರೂಪ. ಭಾನುವಾರ ಬರುತ್ತಿದ್ದೇವೆ ಎಂದು ಅಮ್ಮನಿಗೆ ಫೋನು ಹೋಯಿತು.

ಮರುದಿನ ಅಭ್ಯಾಸಕ್ಕೆ ಹೊರಟೆವು. ಭಾನುವಾರದ ದಾರಿಗೆ ಕಿವಿ ತೆರೆದಿರಬೇಕೆಂದು ಚಿಕ್ಕಮ್ಮ ರೇಡಿಯೋ ಆರಿಸಿದಳು. ನಮ್ಮ ಬೀದಿಯ ಕೊನೆಯ ಇಕ್ಕಟ್ಟಾದ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಳು.

ಕಟ ಕಟ ಕಟ.

ಚಿಕ್ಕಮ್ಮ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಇನ್ನೊಂದು ಬಾಬಿನ್ ಬಿದ್ದಿದೆ ಎಲ್ಲೋ."

ಬೀದಿಯ ನಡುವೆ ಕಾರಿನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಕಾಲುಹಾಸು, ಕೊಡೆ, ಚಿಕ್ಕಪ್ಪನ ಹಳೆಯ ಕನ್ನಡಕದ ಪೆಟ್ಟಿಗೆ, ಒಣಗಿದ ಕಿತ್ತಳೆ ಸಿಪ್ಪೆ, ಒಂಟಿ ಕಾಲುಚೀಲ. ಬಾಬಿನ್ ಇರಲಿಲ್ಲ. ಮನೆಗೆ ಹೋಗಿ ಖಾನೆ ನೋಡಿದರೆ ಎಲ್ಲ ಬಾಬಿನ್‌ಗಳೂ ಮನೆಯಲ್ಲೇ ಇದ್ದವು, ಡಬ್ಬಿ ಮೇಜಿನ ಮೇಲೆ ತೆಪ್ಪಗೆ ಕೂತಿತ್ತು. ಮತ್ತೆ ಕಾರು ಹತ್ತಿದೆವು. ಅದೇ ತಿರುವು, ಅದೇ ಕಟಕಟ, ಮುಂದಿನ ಎಡಗಡೆಯಿಂದ.

ಚಿಕ್ಕಮ್ಮನ ಮುಖದ ಬಣ್ಣ ಇಳಿಯಿತು. "ಇಲ್ಲದ ರೋಗ ಹೇಳ್ತೀನಿ ಅಂದ್ಕೊಂಡು ಇದ್ದ ರೋಗಾನೇ ಹೇಳಿದೀನಿ ಕಣೇ" ಎಂದಳು. ಡಬ್ಬಿ ಇಡುವ ಮೊದಲು ಆ ಸದ್ದು ಕಿವಿಗೆ ಬಿದ್ದಿದ್ದರೂ, ಕಾರು ಹುಟ್ಟಿನಿಂದಲೇ ಹೀಗೆ ಸದ್ದು ಮಾಡುತ್ತದೆ ಎಂದುಕೊಳ್ಳುವಷ್ಟು ಹೊಸಬಳು ಅವಳು. ಆಮೇಲೆ ತನ್ನ ಡಬ್ಬಿಯ ಸದ್ದಿನಲ್ಲಿ ಕಾರಿನ ಸದ್ದು ಮುಚ್ಚಿಹೋಗಿತ್ತು. ಡಬ್ಬಿ ಸಿಕ್ಕಿದ ಮೇಲೆ ಭಾವಮೈದ ಕಾರಿನ ಕೆಳಗೆ ಬಗ್ಗುವ ಗೋಜಿಗೇ ಹೋಗಿರಲಿಲ್ಲ.

ಮನೆಯಲ್ಲಿ ಚಿಕ್ಕಪ್ಪ ಗೇಟಿಗೆ ಒರಗಿ ನಿಂತಿದ್ದರು. ಕಣ್ಣು ಮಂದವಾದ ಮೇಲೆ ಅವರ ಕಿವಿ ಚುರುಕಾಗಿತ್ತು. "ತಿರುವಿನಲ್ಲಿ ಏನೋ ಸದ್ದು ಬಂತಲ್ಲ" ಎಂದರು. ಎದುರುಮನೆಯ ಓವರ್‌ಸಿಯರ್ ಸರಿಯಾಗಿ ಆಗಲೇ ಬಾಗಿಲು ತೆರೆದ.

"ಹಾಲಿನವನ ಸೈಕಲ್ಲು" ಎಂದುಬಿಟ್ಟು ಚಿಕ್ಕಮ್ಮ ಒಳಗೆ ಹೋದಳು. ಆ ದಿನ ಒಂದು ಅಂಗಿಗೆ ಎರಡೂ ತೋಳು ಎಡಗಡೆಯವೇ ಬಂದವು. ಬಿಚ್ಚುತ್ತಾ ಕೂತವಳ ಕಣ್ಣಲ್ಲಿ ನೀರು ನಿಂತಿತ್ತು. "ಅಕ್ಕನಿಗೆ ಬರ್ತೀನಿ ಅಂತ ಬೇರೆ ಹೇಳಿಬಿಟ್ಟೆ" ಎಂದಳು. ನನಗೆ ನಗು ಬರಲಿಲ್ಲ.

ಬೆಳಗ್ಗೆ ಅವಳು ಕೀಲಿ ತೆಗೆದುಕೊಂಡು ಗೊಣಗಪ್ಪನ ಗ್ಯಾರೇಜಿಗೆ ಕಾರು ತಿರುಗಿಸಿದಳು. ಅವನು ಕಾಲು ಮುರಿದ ಕುರ್ಚಿಯಲ್ಲಿ ಸಮತೂಕ ಮಾಡಿಕೊಂಡು ಕೂತಿದ್ದ.

"ಬಂದ್ರಾ" ಎಂದ. "ಡಬ್ಬಿ ತೆಗೆದಿಟ್ಟು ಬಂದಂಗಿದೆ."

ಚಿಕ್ಕಮ್ಮ ದಂಗಾದಳು. "ಡಬ್ಬಿ ನೋಡಿದ್ರಾ ನೀವು?"

"ಕಾರಿಂದ ಇಳಿಯೋವಾಗ ಹಿಂದೆ ತಿರುಗಿ ನೋಡಿದ್ರೆ ಕಾಣದೆ ಇರತ್ತಾ? ಹಿಂದೆ ಒಂದು ಸದ್ದು, ಮುಂದೆ ಒಂದು ಸದ್ದು, ಎರಡೂ ಕೇಳಿಸ್ತು."

"ಮತ್ತೆ ಯಾಕೆ ತೆಗೀಲಿಲ್ಲ? ಯಾಕೆ ಹೇಳ್ಲಿಲ್ಲ?"

"ಗಿರಾಕಿಗಳು ಸೀಟಿನ ಕೆಳಗೆ ನೂರೆಂಟು ಇಟ್ಕೊಂಡಿರ್ತಾರೆ. ಅದು ನಿಮ್ಮ ಮನೆ ಸಾಮಾನು, ನಾನ್ಯಾಕೆ ಕೈ ಹಾಕ್ಲಿ? ನಿಮ್ಮ ಅಂಗಡಿಗೆ ಬಂದ ಪ್ಯಾಂಟಿನ ಜೇಬಿಗೆ ನೀವು ಕೈ ಹಾಕ್ತೀರಾ?"

ಚಿಕ್ಕಮ್ಮ ಹಾಕುವುದಿಲ್ಲ. ಜೇಬಿನಲ್ಲಿ ಏನಿದ್ದರೂ ಹಾಗೇ ಬಿಟ್ಟು ಹೊಲಿದು ಕೊಡುತ್ತಾಳೆ, ಅದು ಅವಳ ಅಂಗಡಿಯ ಕಟ್ಟುನಿಟ್ಟು. ತನ್ನದೇ ನೇಮ ಹಿಡಿದವನನ್ನು ಕಳ್ಳನೆಂದು ಬಗೆದಿದ್ದಳು. ಆದರೂ ಒಂದು ಸಲ ಬೆಪ್ಪಾದವಳು ಇನ್ನೊಬ್ಬರ ಮಾತಿನ ಮೇಲೆ ಹೋಗುವಳೇ? "ಹೋಗಿರೋದನ್ನ ನಂಗೆ ತೋರಿಸಿ" ಎಂದಳು.

ಗೊಣಗಪ್ಪ ಗೋಣಿಚೀಲ ಹಾಸಿದ. ಚಿಕ್ಕಮ್ಮ ಬಟ್ಟೆ ಎತ್ತಿ ಕಟ್ಟಿಕೊಂಡು, ಟಾರ್ಚು ಹಿಡಿದು, ಕಾರಿನ ಕೆಳಗೆ ತಲೆ ತೂರಿಸಿದಳು. ಚಕ್ರದ ಹಿಂದೆ ಜಾಯಿಂಟಿಗೆ ಹೊದಿಸಿದ ರಬ್ಬರಿನ ಚೀಲ ಹರಿದು, ಒಳಗಿನ ಗ್ರೀಸೆಲ್ಲ ಹೊರಗೆ ಚೆಲ್ಲಿತ್ತು. ಅವಳು ಆ ಹರಕನ್ನು ಬೆರಳಲ್ಲಿ ಅಗಲಿಸಿ ಒಳಮೈ ನೋಡಿದಳು. ಇದು ಅವಳ ವಿದ್ಯೆ. ಬ್ಲೇಡು ತಾಗಿ ಹರಿದದ್ದೋ, ಮೊಳೆಗೆ ಸಿಕ್ಕಿ ಹರಿದದ್ದೋ, ತಾನಾಗಿ ಸವೆದದ್ದೋ, ಗಿರಾಕಿ ಏನೇ ಸುಳ್ಳು ಹೇಳಿದರೂ ಅಂಚು ಅವಳಿಗೆ ನಿಜ ಹೇಳುತ್ತದೆ.

"ಕತ್ತರಿಸಿದ್ದಲ್ಲ. ಮಡಿಕೆಯಲ್ಲೇ ಸವೆದು ಸವೆದು ಹರಿದಿದೆ. ಅಂಚಿನೊಳಗೆ ಹಳೇ ಮಣ್ಣು ಕೂತಿದೆ, ನಿನ್ನೆ ಮೊನ್ನೆಯದಲ್ಲ" ಎಂದು ಕೆಳಗಿನಿಂದಲೇ ಹೇಳಿದಳು. ಎದ್ದು ಬಂದಾಗ ಮೂಗಿನ ಮೇಲೆ ಗ್ರೀಸಿತ್ತು. "ಮಾಡಿ. ಭಾನುವಾರ ನಾನು ಅಕ್ಕನ ಮನೆಗೆ ಹೋಗಬೇಕು."

ಗೊಣಗಪ್ಪನ ಮುಖ ಮೊದಲ ಸಲ ಸಡಿಲವಾಯಿತು. "ಯಜಮಾನ್ರು ಇಷ್ಟು ವರ್ಷ ಬಂದ್ರು. ಒಂದು ಸಲ ಬಗ್ಗಿ ನೋಡ್ಲಿಲ್ಲ. ನಿಂತಲ್ಲೇ ಬೈಯೋರು" ಎಂದ. ಸ್ವಲ್ಪ ಹೊತ್ತು ಸ್ಪ್ಯಾನರ್ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು. "ಕಣ್ಣು ತೋರಿಸಿದ್ರಾ ಅವರು?"

"ಕಣ್ಣಿನ ವಿಷಯ ನಿಮಗೆ ಹೇಗೆ ಗೊತ್ತು?"

"ಕೊನೇ ಸಲ ಬಂದಾಗ ಕಾರಿನ ಎಡಗಡೆ ಪೂರ್ತಿ ಗೀರು. ಒಂದೇ ಕಡೆ, ಮೇಲಿಂದ ಮೇಲೆ. ಆ ಕಡೆ ಕಾಣ್ತಿಲ್ಲ ನಿಮಗೆ, ಮೊದ್ಲು ಡಾಕ್ಟರಿಗೆ ತೋರಿಸಿ, ಅಲ್ಲಿವರೆಗೂ ನೀವು ಓಡಿಸ್ಕೊಂಡು ಬಂದ್ರೆ ನಾನು ಈ ಕಾರು ಮುಟ್ಟಲ್ಲ ಅಂದೆ. ನೀನ್ಯಾವಾಗ ಕಣ್ಣಿನ ಡಾಕ್ಟರಾದೆ ಅಂತ ಬೈದು ಹೋದ್ರು. ಆಮೇಲೆ ಬರ್ಲೇ ಇಲ್ಲ."

ಚಿಕ್ಕಮ್ಮ ಗೋಣಿಚೀಲದ ಮೇಲೆ ಹಾಗೇ ಕೂತಳು. ಊರವರ ಮೈಯನ್ನೆಲ್ಲ ಬಟ್ಟೆಯಲ್ಲಿ ಓದುವವಳು ಗಂಡನ ಕಣ್ಣನ್ನು ಕಾರಿನ ಮೇಲೆ ಓದಿರಲಿಲ್ಲ. "ತೋರಿಸಿದ್ರು" ಎಂದಳು. "ತಡವಾಗಿದ್ರೆ ಪೂರ್ತಿ ಹೋಗೋದಂತೆ."

"ಹಂಗಾದ್ರೆ ಸರಿ" ಎಂದು ಗೊಣಗಪ್ಪ ಕಾರಿನ ಕೆಳಗೆ ಸರಿದ.

ಮನೆಗೆ ಬಂದು ಚಿಕ್ಕಮ್ಮ ಕೀಲಿಯನ್ನು ಚಿಕ್ಕಪ್ಪನ ಮುಂದಿಟ್ಟಳು. ತನ್ನ ತಪ್ಪನ್ನು ಬಹಳ ಹೊತ್ತು ಮುಚ್ಚಿಡುವುದು ಅವಳಿಂದ ಆಗುವ ಕೆಲಸವಲ್ಲ. "ನಾನು ಬೆಪ್ಪಾದೆ. ಯಾರೂ ಮಾಡಲಿಲ್ಲ, ನಾನೇ ಆದೆ. ಬಾಬಿನ್ ಸಿಕ್ತು ಅಂತ ಕುಣಿದೆ, ಮುರಿದ ಜಾಯಿಂಟ್ ಬಿಟ್ಟೆ. ಈಗ ಸರಿ ಮಾಡಿಸಿದೀನಿ. ಮಾತು ಮಾತೇ. ಕಾರು ಕೊಡೋದಾದ್ರೆ ಕೊಡಿ."

"ಎಲ್ಲಿ ಮಾಡಿಸಿದೆ?"

"ಗೊಣಗಪ್ಪನ ಹತ್ತಿರ."

ಚಿಕ್ಕಪ್ಪ ಕೀಲಿಯನ್ನು ಬೆರಳಲ್ಲಿ ತಡವಿದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ. "ಏನಂದ ಅವನು?" ಎಂದು ಕೇಳಿದರು.

"ನಿಮ್ಮ ಕಣ್ಣು ಹೇಗಿದೆ ಅಂದ."

ಚಿಕ್ಕಪ್ಪ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ತುಂಬಾ ಹೊತ್ತು ಒರೆಸಿದರು. ಕೀಲಿಯನ್ನು ಎತ್ತಿ ಮೊಳೆಗೆ ಹಾಕಲು ಹೋದರು, ಮೊಳೆ ಸಿಗಲಿಲ್ಲ. ಚಿಕ್ಕಮ್ಮ ಅವರ ಕೈ ಹಿಡಿದು ಮೊಳೆಯ ಹತ್ತಿರ ಒಯ್ದಳು.

ಭಾನುವಾರ ಬೆಳಗ್ಗೆ ಓವರ್‌ಸಿಯರ್ ಎಂದಿನಂತೆ ಹಲ್ಲುಜ್ಜುತ್ತಾ ಬಂದು ಬಾನೆಟ್ ತಟ್ಟಿದ. "ತಟ್ಟಬೇಡಿ, ಪಾಲಿಶ್ ಹೋಗತ್ತೆ. ನಮ್ಮವಳು ದೂರ ಹೋಗೋಳಿದಾಳೆ" ಎಂದು ಚಿಕ್ಕಪ್ಪ ಹೊರಗೆ ಬಂದರು. ತಾವೂ ಬರುವುದಾಗಿ ಯಾರೂ ಕೇಳದೆಯೇ ಹೇಳಿ, ಕಾರಿನ ಸುತ್ತ ನಡೆದು ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಆ ಸೀಟಿನಲ್ಲಿ ಕಾಲು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಚಿಕ್ಕಮ್ಮ ತನ್ನ ಚೀಲವನ್ನು ಅವರ ತೊಡೆಯ ಮೇಲಿಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಬೀದಿಯ ಕೊನೆಯ ತಿರುವಿನಲ್ಲಿ ಮೂವರೂ ಕಿವಿ ನಿಮಿರಿಸಿದೆವು. ಕಾರು ಸದ್ದಿಲ್ಲದೆ ತಿರುಗಿತು.

"ಸ್ವಲ್ಪ ಎಡಕ್ಕೆ ತಗೋ" ಎಂದರು ಚಿಕ್ಕಪ್ಪ. "ಗ್ಯಾರೇಜಿನ ಮುಂದೆ ಒಂದು ನಿಮಿಷ ನಿಲ್ಸು."

"ಯಾಕೆ? ಎಲ್ಲ ಸರಿಯಾಗಿದೆಯಲ್ಲ."

"ಹಾರ್ನ್ ಸರಿಯಿಲ್ಲ. ಅವನಿಗೆ ನಾಲ್ಕು ಮಾತು ಬೈಬೇಕು."

ಹಾರ್ನ್ ಸರಿಯಾಗಿಯೇ ಇತ್ತು. ಚಿಕ್ಕಮ್ಮ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡು ಕಾದಳು. ಅವರ ಜಗಳ ಮುಗಿಯುವವರೆಗೂ ಅವಳು ಹಾರ್ನ್ ಮಾಡಲಿಲ್ಲ.